ಗೋಡೆ ದೇವೀರಮ್ಮನದು, ಹಲಗೆ ಯಾರದು?

ನೀನು ಯಾವ ಮರ ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಾನು ಪ್ಲೈವುಡ್ ಹಲಗೆ. ಹುಣಸೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ಹಲವು ಮರಗಳ ತೆಳುವಾದ ಪದರಗಳನ್ನು ಒಂದರ ಮೇಲೊಂದು ಅಡ್ಡಡ್ಡವಾಗಿ ಇಟ್ಟು, ಅಂಟು ಹಚ್ಚಿ, ಬಿಸಿ ಯಂತ್ರದಲ್ಲಿ ಒತ್ತಿದಾಗ ಹುಟ್ಟಿದೆ. ಒಂದು ಪದರದ ಎಳೆ ಉದ್ದಕ್ಕೆ ಓಡಿದರೆ ಅದರ ಮೇಲಿನದು ಅಡ್ಡಕ್ಕೆ ಓಡುತ್ತದೆ. ಹಾಗಿದ್ದರೇನೇ ಗಟ್ಟಿ ಎಂದು ಅಲ್ಲಿನವರು ಹೇಳುತ್ತಿದ್ದರು. ಒಳಗೊಳಗೇ ಒಂದಕ್ಕೊಂದು ಅಡ್ಡ ಇರುವುದು ಹೇಗೆ ಗಟ್ಟಿತನವಾಗುತ್ತದೋ ನನಗೆ ತಿಳಿಯಲಿಲ್ಲ.

ನನ್ನ ಮೊದಲ ಕೆಲಸ ಸುಳ್ಳು ಹೇಳುವುದು. ಆಗ ಅದು ಸುಳ್ಳೆಂದು ಗೊತ್ತಿರಲಿಲ್ಲ. ಒಬ್ಬ ಪೇಂಟರು ನನ್ನ ಮೈಮೇಲೆ ಓಡುವ ಕುದುರೆಗಳನ್ನು ಬರೆದು, ಕೆಳಗೆ ದಪ್ಪ ಅಕ್ಷರದಲ್ಲಿ 'ಏಳು ಕುದುರೆ ಸೋಡಾ' ಎಂದು ಬರೆದ. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ತಮ್ಮಯ್ಯ ಎಂಬವನ ವೈನ್ ಶಾಪಿನ ನೆತ್ತಿಗೆ ನನ್ನನ್ನು ಕಟ್ಟಿದರು. ದಾರಿಯಲ್ಲಿ ಹೋಗುವವರು ತಲೆ ಎತ್ತಿ ನೋಡಿ, ಒಳಗೊಳಗೇ ನಕ್ಕು ಹೋಗುತ್ತಿದ್ದರು. ಕುದುರೆಗಳು ಚೆನ್ನಾಗಿ ಬಂದಿಲ್ಲವೇನೋ ಎಂದುಕೊಂಡಿದ್ದೆ.

ಒಂದು ದಿನ ದೇವೀರಮ್ಮ ಬಂದಳು. ಶಾಪಿನ ಪಕ್ಕದ ಓಣಿಯ ಆಚೆ ಬದಿಯಲ್ಲಿ ಅವಳ ಒಂಟಿ ಕೋಣೆಯ ಮನೆ. ಅದರ ಗೋಡೆಗೆ ಒರಗಿಸಿ ಒಂದು ತಳ್ಳುಗಾಡಿ ನಿಲ್ಲಿಸಿಕೊಂಡು ಬೇಯಿಸಿದ ಮೊಟ್ಟೆ, ಹುರುಳಿಕಾಳು, ಬೋಟಿ ಗೊಜ್ಜು ಮಾರಲು ಆಗಷ್ಟೇ ಶುರುಮಾಡಿದ್ದಳು.

"ತಮ್ಮಯ್ಯಣ್ಣ, ಮೇಲ್ ಬರ್ಸಿದ್ದೀಯಲ್ಲ, ಆ ಸೋಡಾ ಒಂದ್ ಕ್ರೇಟ್ ಕೊಡು. ನನ್ ಗಾಡೀಲೂ ಮಡಗ್ತೀನಿ."

ಕೌಂಟರಿನ ಮುಂದೆ ನಿಂತಿದ್ದವರೆಲ್ಲ ನಕ್ಕರು. ಬಡಗಿ ಗುರುಸಿದ್ದನಂತೂ ಹೊಟ್ಟೆ ಹಿಡಿದುಕೊಂಡ. "ಅಕ್ಕೋ, ಅದ್ನ ಕುದ್ರೆಗೊಳೇ ಕುಡ್ಕಂಡ್ ಓಡೋದೊ ಕಣಕ್ಕೋ!"

ತಮ್ಮಯ್ಯ ಮಾತ್ರ ದನಿ ತಗ್ಗಿಸಿ ಹೇಳಿದ. "ಸೋಡಾ ಇಲ್ಲ ಕಣಕ್ಕ. ಅದು ಬ್ರಾಂದಿ ಹೆಸ್ರು. ಬ್ರಾಂದಿ ಅಂತ ಬೋರ್ಡ್ ಹಾಕಂಗಿಲ್ಲ, ರೂಲ್ಸು. ಅದ್ಕೇ ಸೋಡಾ ಅಂತ ಬರ್ಸೋದು."

"ಇರೋದ್ನ ಬರಿಯಂಗಿಲ್ಲ, ಇಲ್ದೇ ಇರೋದ್ನ ಬರೀಬೋದಾ?"

"ಊಂ."

ಅವಳು ತಲೆ ಎತ್ತಿ ನನ್ನನ್ನು ಬಹಳ ಹೊತ್ತು ನೋಡಿದಳು. ನಗಲಿಲ್ಲ. ನಾನು ಏನೆಂದು ನನಗೆ ಮೊದಲ ಬಾರಿ ಅನುಮಾನ ಬಂದದ್ದು ಆಗ.

ಸ್ವಲ್ಪ ದಿನಕ್ಕೆ ಇಲ್ಲದ ಸೋಡಾದ ಬೋರ್ಡೂ ಕೂಡದು ಎಂದು ಯಾರೋ ಹೇಳಿ ಹೋದರು. ನನ್ನನ್ನು ಇಳಿಸಿ ಶಾಪಿನ ಹಿಂದೆ ಖಾಲಿ ಪೆಟ್ಟಿಗೆಗಳ ಜೊತೆ ನಿಲ್ಲಿಸಿದರು. ಅಲ್ಲಿಂದ ತಮ್ಮಯ್ಯನ ಕಷ್ಟ ನನಗೆ ಕೇಳಿಸುತ್ತಿತ್ತು. ಅವನ ಲೈಸೆನ್ಸು ಮಾರುವುದಕ್ಕೆ ಮಾತ್ರ, ಕುಡಿಸುವುದಕ್ಕಲ್ಲ. ಬಾಟಲಿಯ ಸೀಲು ಒಡೆಯದೆ, ಮೇಲೆ ಅಚ್ಚಾದ ದರಕ್ಕೆ ಕೊಟ್ಟು ಕೈ ತೊಳೆದುಕೊಳ್ಳಬೇಕು. ಕೊಂಡವನು ಮನೆಗೆ ಒಯ್ಯಬೇಕು. ಆದರೆ ಅಲ್ಲಿಗೆ ಬರುತ್ತಿದ್ದವರು ಹಮಾಲರು, ಲಾರಿಯವರು, ಗಾರೆ ಕೆಲಸದವರು. ಕೆಲವರಿಗೆ ಹತ್ತಿರದಲ್ಲಿ ಮನೆಯಿರಲಿಲ್ಲ. ಮನೆಯಿದ್ದವರಿಗೆ ಅಲ್ಲಿ ಕುಡಿಯುವ ಧೈರ್ಯವಿರಲಿಲ್ಲ. ಅವರೆಲ್ಲ ಓಣಿಯಲ್ಲಿ ಲೋಟ ಹಿಡಿದು ಅತ್ತಿತ್ತ ನೋಡುತ್ತ ನಿಲ್ಲುತ್ತಿದ್ದರು.

ತಮ್ಮಯ್ಯ ಯೋಚನೆ ಮಾಡಿ ದೇವೀರಮ್ಮನ ಬಳಿ ಹೋದ.

"ಅಕ್ಕ, ನಿನ್ ಗೋಡೆಗೆ ಒಂದ್ ಹಲ್ಗೆ ಹೊಡಿಸ್ತೀನಿ. ಖರ್ಚೆಲ್ಲ ನಂದು. ಜನ ನಿನ್ ತಾವೇ ನಿಂತ್ಕತಾರೆ, ಬೋಟಿ ಮಿಗಾಕಿಲ್ಲ ನೋಡು."

"ನಿನ್ ಗೋಡೆಗೇ ಹೊಡ್ಕೊಳಪ್ಪ."

"ನನ್ ಗೋಡೆಗೆ ರೂಲ್ಸ್ ಅದೆ. ನಿನ್ ಗೋಡೆಗೇನದೆ?"

ದೇವೀರಮ್ಮ ತನ್ನ ಗೋಡೆಯತ್ತ ತಿರುಗಿ ನೋಡಿದಳು. ಸುಣ್ಣ ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

ಗುರುಸಿದ್ದ ನನ್ನನ್ನು ಉದ್ದಕ್ಕೆ ಸೀಳಿದ. ಕುದುರೆಗಳ ಕಾಲುಗಳೆಲ್ಲ ಇನ್ನೊಂದು ತುಂಡಿಗೆ ಹೋದವು. ಬಣ್ಣದ ಮುಖ ಕೆಳಕ್ಕೆ ಮಾಡಿ, ಅಂಚನ್ನು ಕೈಗೆ ಸಿಬಿರು ಹತ್ತದಂತೆ ಹತ್ತರಿ ಹೊಡೆದು ನಯ ಮಾಡಿ, ಎರಡು ಕೀಲು ಜೋಡಿಸಿ ಗೋಡೆಗೆ ಕೂರಿಸಿದ. ಕೆಳಗೊಂದು ಊರುಗೋಲು. ಅದನ್ನು ತೆಗೆದರೆ ನಾನು ಮಡಚಿಕೊಂಡು ಗೋಡೆಗೆ ಅಂಟುತ್ತಿದ್ದೆ.

ಆ ದಿನಗಳನ್ನು ನಾನು ಸುಖದ ದಿನಗಳೆಂದೇ ನೆನೆಯುತ್ತೇನೆ. ಮನುಷ್ಯರನ್ನು ನಾನು ಕೆಳಗಿನಿಂದ ಕಂಡೆ. ಗದ್ದ, ಮೊಣಕೈ, ಲೋಟ ಹಿಡಿದ ಬೆರಳು. ಗಲಾಟೆಯವರು ಗಲಾಟೆ ಮಾಡುತ್ತಿದ್ದರು. ತಮ್ಮಯ್ಯ ಲೋಟಕ್ಕೂ ನೀರಿಗೂ ಬೇರೆ ಕಾಸು ಕೀಳುತ್ತಾನೆ ಎಂದು ಒಬ್ಬ ರೇಗಿದರೆ, "ರೇಟು ಬಾಟ್ಲಿ ಮೇಲೆ ಬರ್ದವ್ರೆ ಕಣ್ಲಾ, ಲೋಟದ್ ಮೇಲೆ ಬರ್ದಿಲ್ವಲ್ಲ!" ಎಂದು ಇನ್ನೊಬ್ಬ ಛೇಡಿಸುತ್ತಿದ್ದ. ಆದರೆ ನನಗೆ ನೆನಪಿರುವುದು ಸುಮ್ಮನಿದ್ದವರು. ದಿನವೂ ಅಕ್ಕಪಕ್ಕ ನಿಂತು, ಒಂದೂ ಮಾತಾಡದೆ, ಒಂದೇ ತಟ್ಟೆಯಿಂದ ಹುರುಳಿಕಾಳು ತಿಂದು ಹೋಗುವ ಇಬ್ಬರಿದ್ದರು. ಅವರು ಸ್ನೇಹಿತರೋ ಅಪರಿಚಿತರೋ ನನಗೆ ತಿಳಿಯಲೇ ಇಲ್ಲ.

ಅಬಕಾರಿಯವರ ಜೀಪು ತಿರುವಿನಲ್ಲಿ ಕಂಡರೆ ಯಾರಾದರೂ "ಬೀಗರು ಬಂದ್ರು!" ಎಂದು ಕೂಗುತ್ತಿದ್ದರು. ಲೋಟಗಳು ಮಾಯವಾಗುತ್ತಿದ್ದವು. ದೇವೀರಮ್ಮ ಊರುಗೋಲು ಎಳೆದು ನನ್ನನ್ನು ಮಡಚಿ, ಮೇಲೊಂದು ಒದ್ದೆ ಸೀರೆ ಹರವುತ್ತಿದ್ದಳು. ಆ ಕ್ಷಣಕ್ಕೆ ನಾನು ಹಲಗೆಯಲ್ಲ, ಗೋಡೆ. ಜೀಪು ಹೋದ ಮೇಲೆ ಮತ್ತೆ ಹಲಗೆ. ನಾನಿದ್ದರೆ ತಮ್ಮಯ್ಯ ಮಾಡುವುದು ಅಪರಾಧ, ನಾನಿಲ್ಲದಿದ್ದರೆ ವ್ಯಾಪಾರ. ಅದೇ ಬಾಟಲಿ, ಅದೇ ಬಾಯಿ. ನಡುವೆ ಇದ್ದವನು ನಾನೊಬ್ಬನೇ. ಹಾಗಾದರೆ ಆ ಅಪರಾಧ ನಾನೇ?

ಹಾಗೇ ಒಂದು ಸಂಜೆ ಬೀಗರು ಬಂದರು. ಎಲ್ಲರೂ ಚದುರಿದರು, ಗುರುಸಿದ್ದನೊಬ್ಬನನ್ನು ಬಿಟ್ಟು. ಅವನು ಬೆಳಗಿನಿಂದ ಯಾರದೋ ಮನೆಯ ಬಾಗಿಲು ಕೂರಿಸಿ ಸುಸ್ತಾಗಿ ಬಂದವನು, ಹೊಟ್ಟೆಗೆ ಏನೂ ಹಾಕದೆ ಕುಡಿದು, ತೋಳಿನ ಮೇಲೆ ತಲೆಯಿಟ್ಟು ನಿಂತಲ್ಲೇ ನಿದ್ದೆ ಹೋಗಿದ್ದ. ಅವನ ಭಾರವೆಲ್ಲ ನನ್ನ ಮೇಲಿತ್ತು.

"ಗುರುಸಿದ್ದಣ್ಣ, ಏಳಪ್ಪ. ಬೀಗರು ಬಂದ್ರು, ಏಳೋ!" ದೇವೀರಮ್ಮ ಅವನ ಭುಜ ಅಲ್ಲಾಡಿಸಿದಳು. ಅವನು ಗೊಣಗಿ ಮತ್ತೆ ಮುಖ ಹುದುಗಿಸಿದ. ಅವಳ ಕೈ ಊರುಗೋಲಿಗೆ ಬಂತು. ಎಳೆದರೆ ನಾನು ಗೋಡೆಯಾಗುತ್ತೇನೆ. ಅವನು ಕೆಳಗಿನ ಚರಂಡಿಯ ಚಪ್ಪಡಿಗೆ ಮುಖ ಬಡಿದು ಬೀಳುತ್ತಾನೆ.

ಅವಳು ಎಳೆಯಲಿಲ್ಲ.

ಇನ್ಸ್‌ಪೆಕ್ಟರ್ ಚಿಕ್ಕ ವಯಸ್ಸಿನವರು. ಸಿಟ್ಟಿನವರಲ್ಲ. ನನ್ನನ್ನು ಬೆರಳಿನಿಂದ ತಟ್ಟಿ, "ಈ ಹಲಗೆ ಯಾರದು?" ಎಂದು ಕೇಳಿದರು.

"ನನ್ ಅಂಗ್ಡಿ ಒಳೀಕ್ ಬಂದು ನೋಡಿ ಸಾ, ಒಂದ್ ಸ್ಟೂಲ್ ಸಿಗಾಕಿಲ್ಲ," ಎಂದ ತಮ್ಮಯ್ಯ.

"ನಾನು ಸ್ಟೂಲ್ ಕೇಳಲಿಲ್ಲ. ಹಲಗೆ ಕೇಳಿದೆ."

ಇನ್ಸ್‌ಪೆಕ್ಟರ್ ದೇವೀರಮ್ಮನ ಕಡೆ ತಿರುಗಿದರು. "ನೋಡಮ್ಮ, ಇದು ಅವರದಾದರೆ ಅವರ ಲೈಸೆನ್ಸ್ ಹೋಗುತ್ತೆ. ನಿಮ್ಮದಾದರೆ, ಲೈಸೆನ್ಸ್ ಇಲ್ಲದೆ ಕುಡಿಯೋಕೆ ಜಾಗ ಕೊಟ್ಟಿದ್ದಕ್ಕೆ ನಿಮ್ಮ ಮೇಲೆ ಕೇಸು. ಗಾಡಿ ಇಲ್ಲಿಂದ ಎತ್ತಬೇಕಾಗುತ್ತೆ. ಗೋಡೆ ನಿಮ್ಮದು ತಾನೇ?"

"ಗೋಡೆ ನಂದೇ ಸಾ."

"ಹಲಗೆ?"

ಅವಳು ತನ್ನದೆಂದರೆ ಗಾಡಿ ಹೋಗುತ್ತದೆ. ತಮ್ಮಯ್ಯನದೆಂದರೆ ಶಾಪು ಮುಚ್ಚುತ್ತದೆ, ಆಮೇಲೆ ಆ ಓಣಿಗೆ ಬಂದು ಬೋಟಿ ತಿನ್ನುವವರು ಯಾರು? ಎರಡು ಉತ್ತರಗಳಲ್ಲೂ ಅವಳ ಒಲೆ ಆರುತ್ತಿತ್ತು. ತಮ್ಮಯ್ಯ ಅವಳ ಮುಖ ನೋಡುತ್ತಿದ್ದ. ಅವಳು ಸುಲಿಯುತ್ತಿದ್ದ ಮೊಟ್ಟೆಯನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಗುರುಸಿದ್ದ ತಲೆ ಎತ್ತಿದ. "ಇದಾ? ಇದ್ನ ಹೊಡ್ದೋನು ನಾನೇ ಸಾ! ತಮ್ಮಯ್ಯಣ್ಣ ಕಾಸ್ ಕೊಟ್ಟ, ನಾನ್ ಹೊಡ್ದೆ. ಅಂಚ್ ನೋಡಿ, ಸವರಿ ನೋಡಿ ಸಾ, ಎಂಗದೆ! ಮಗಿನ್ ಕೆನ್ನೆ ಇದ್ದಂಗದೆ."

ತಮ್ಮಯ್ಯನ ಬಣ್ಣ ಇಳಿಯಿತು. ಇನ್ಸ್‌ಪೆಕ್ಟರ್ ಪೆನ್ನು ತೆಗೆದವರು ಗುರುಸಿದ್ದನ ಬಾಯಿಯ ವಾಸನೆಗೆ ಹಿಂದೆ ಸರಿದರು. "ಕುಡಿದವನ ಮಾತು ಬರೆದುಕೊಳ್ಳೋಕಾಗಲ್ಲ. ನೆಟ್ಟಗಿದ್ದಾಗ ಕರೆಸ್ತೀವಿ." ಮತ್ತೆ ಅವಳನ್ನು ಕೇಳಿದರು. "ಇವನು ಹೇಳಿದ್ದು ನಿಜವೇನಮ್ಮ?"

"ಕುಡ್ದೋರ್ ಮಾತ ನಾನ್ ಕೇಳುಸ್ಕೊಳಾಕಿಲ್ಲ ಸಾ," ಎಂದಳು ದೇವೀರಮ್ಮ. "ಕೇಳುಸ್ಕೊಂಡ್ರೆ ನನ್ ಯಾಪಾರ ನಡ್ಯಾಕಿಲ್ಲ."

ಇನ್ಸ್‌ಪೆಕ್ಟರ್ ನಕ್ಕರೋ ಇಲ್ಲವೋ, ನಾನಿದ್ದ ಕಡೆಯಿಂದ ಕಾಣಲಿಲ್ಲ. ಕೀಲು ಬಿಚ್ಚಿಸಿ ನನ್ನನ್ನು ಜೀಪಿಗೆ ಹಾಕಿಸಿದರು. ಹಲಗೆ ಯಾರದೆಂದು ಗೊತ್ತಾದ ಮೇಲೆ ಯಾರ ಮೇಲೆ ಕೇಸು ಎಂದು ತೀರ್ಮಾನ ಎಂದರು.

ಅಂದಿನಿಂದ ಅಬಕಾರಿ ಕಚೇರಿಯ ಹಿಂದಿನ ಕೋಣೆಯಲ್ಲಿದ್ದೇನೆ. ಇಲ್ಲಿ ನನ್ನ ಹೆಸರು ಮುದ್ದೆಮಾಲು. ಕೇಸಿನಲ್ಲಿ ಸಿಕ್ಕ ವಸ್ತುವಿಗೆಲ್ಲ ಅದೇ ಹೆಸರು. ಅಕ್ಕಪಕ್ಕ ಕ್ಯಾನುಗಳು, ಚಕ್ರವಿಲ್ಲದ ಒಂದು ಮೊಪೆಡ್ಡು.

ಮಳೆಗಾಲ ಕಳೆದ ಮೇಲೆ ಗುರುಸಿದ್ದನನ್ನು ಕರೆಸಿದರು. ಕ್ಷೌರ ಮಾಡಿಸಿಕೊಂಡು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದ. ಅವನನ್ನು ಅಷ್ಟು ನೆಟ್ಟಗೆ ನಾನು ಕಂಡಿರಲಿಲ್ಲ.

"ಇದನ್ನು ಗುರುತಿಸುತ್ತೀಯಾ?"

ಅವನು ಬಾಗಿ ನನ್ನ ಅಂಚಿನ ಮೇಲೆ ಅಂಗೈ ಆಡಿಸಿದ. ಈ ಕೊನೆಯಿಂದ ಆ ಕೊನೆಯವರೆಗೆ, ನಿಧಾನವಾಗಿ. ಅಂಗೈ ಕೊನೆಯಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಇಲ್ಲ ಸಾ. ನನ್ ಕೈ ಕೆಲ್ಸ ಅಲ್ಲ ಇದು."

"ಅವತ್ತು ನಾನೇ ಹೊಡೆದೆ ಅಂದೆಯಲ್ಲಯ್ಯ!"

"ಅವತ್ತು ಕುಡ್ದಿದ್ದೆ ಸಾ. ಕುಡ್ದೋನ್ ಮಾತ ಬರ್ಕೊಳಾಕಿಲ್ಲ ಅಂತ ನೀವೇ ಅಂದ್ರಿ."

ಇನ್ಸ್‌ಪೆಕ್ಟರ್ ಫೈಲು ಮುಚ್ಚಿದರು. ಆಮೇಲೆ ಬೆರಳಚ್ಚಿನ ಯಂತ್ರದ ಮುಂದೆ ಕುಳಿತಿದ್ದವನಿಗೆ, "ವಾರಸುದಾರರು ಪತ್ತೆಯಾಗಿಲ್ಲ ಅಂತ ಹಾಕಿ, ಮುಗಿಸಿ" ಎಂದು ಹೊರಟುಹೋದರು.

ಬಾಗಿಲಲ್ಲಿ ಕಾವಲಿನವನು ಗುರುಸಿದ್ದನನ್ನು ತಡೆದ. "ಆ ಯಮ್ಮ ಇನ್ನೂ ಅಲ್ಲೇ ಅವ್ಳಾ?"

"ಅವ್ಳೆ ಕಣಣ್ಣ. ಮೊನ್ನೆ ನಿಮ್ ಕಾಗ್ದ ಬರೋಗಂಟ ನನ್ ಕೂಡೆ ಮಾತೇ ಬುಟ್ಟಿದ್ಳು. 'ನೆಟ್ಟಗಿದ್ದಾಗ್ಲಾದ್ರೂ ಬಾಯ್ ಮುಚ್ಕೊಂಡಿರೋ' ಅಂತ ಉಗುದ್ಲು ನೋಡು, ಆಗ್ಲೇ ಮಾತು ಬಂದಿದ್ದು."

"ಈಗ ಜನ ಲೋಟ ಎಲ್ಲಿ ಇಡ್ತಾರೆ?"

"ಕೈಲೇ ಹಿಡ್ಕಂಡ್ ನಿಂತಿರ್ತಾರೆ. ಕೈ ಮೇಲೆ ಕೇಸಿಲ್ವಲ್ಲ." ಅವನು ನಕ್ಕ. ನನ್ನ ಕಡೆ ತಿರುಗಿ ನೋಡದೆ ಹೋದ.

ಹಿಡಿದ ಬಾಟಲಿಗಳನ್ನು ಹೇಗೆ ನಾಶಮಾಡಬೇಕು ಎಂಬುದಕ್ಕೆ ನಿಯಮವಿದೆಯಂತೆ. ಯಾರದೂ ಅಲ್ಲದ ಹಲಗೆಯನ್ನು ಏನು ಮಾಡಬೇಕೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನನ್ನನ್ನು ನಯಮಾಡಿದ ಅಂಗೈಯೇ ನನ್ನನ್ನು ಸವರಿ, ಅಲ್ಲ ಎಂದಿತು. ಅದು ಅಲ್ಲ ಎಂದದ್ದಕ್ಕೇ ದೇವೀರಮ್ಮ ಈಗಲೂ ತನ್ನ ಗೋಡೆಗೆ ಒರಗಿ ಮೊಟ್ಟೆ ಸುಲಿಯುತ್ತಿದ್ದಾಳೆ. ಇದಕ್ಕೆ ಸಂಕಟಪಡಬೇಕೋ ಸಮಾಧಾನಪಡಬೇಕೋ ನನಗೆ ತಿಳಿಯದು. ಹಲಗೆ ಯಾರದು ಎಂದು ಅಂದು ಎಲ್ಲರನ್ನೂ ಕೇಳಿದರು. ನನ್ನೊಬ್ಬನನ್ನು ಕೇಳಲಿಲ್ಲ. ಬಹಳ ದಿನ ಅದನ್ನೇ ನೆನೆದು ಕೊರಗಿದೆ. ಈಗ, ಕೇಳದಿದ್ದುದೇ ಒಳ್ಳೆಯದಾಯಿತು ಎನ್ನಿಸುತ್ತದೆ. ಕೇಳಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆ.