ಒಳಗೆ ಬಿಟ್ಟ ಎರಡು ಇಂಚು

ನಾನು ಒಂದು ಕತ್ತರಿ. ಕಾಗದ ಕತ್ತರಿಸುವ, ಕೂದಲು ಕತ್ತರಿಸುವ ಜಾತಿಯಲ್ಲ, ದರ್ಜಿಯ ಕತ್ತರಿ. ಉದ್ದ ಹನ್ನೊಂದು ಇಂಚು. ಹುಟ್ಟಿನಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಮೀರತ್ ಎಂಬ ಊರಿನ ಕುಲುಮೆಯೊಂದರಲ್ಲಿ, ಗುಜರಿಗೆ ಬಿದ್ದ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು, ಮಸೆದು ನನ್ನನ್ನು ಮಾಡಿದರು. ಹಿಡಿಕೆ ಹಿತ್ತಾಳೆಯದು, ಅದೂ ಯಾರದೋ ಮನೆಯ ತೂತು ಬಿದ್ದ ಕೊಡ ಇದ್ದಿರಬೇಕು. ಲಾರಿಯ ಕಬ್ಬಿಣಕ್ಕೆ ನಯ ನಾಜೂಕು ಎಲ್ಲಿಂದ ಬರಬೇಕು? ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಹೇಳುವಾಗ ಸಿಟ್ಟು ಬಂದರೆ ಬರಲಿ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಲಕ್ಷ್ಮೇಶ್ವರದ ದರ್ಜಿ ವಿಠ್ಠಲರಾವ್ ಪಿಸೆ ನನ್ನನ್ನು ಆರಿಸಿದ. ದಪ್ಪ ಖಾಕಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ನನ್ನ ಮೂತಿಯ ತುದಿಯಿಂದ ಕತ್ತರಿಸಿ ನೋಡಿದ. ಎಳೆ ಹಿಂಜಲಿಲ್ಲ. ದುಡ್ಡು ಕೊಟ್ಟು ಚೀಲಕ್ಕೆ ಹಾಕಿಕೊಂಡ. ಅಂದಿನಿಂದ ಬಜಾರಿನ ಆ ಸಣ್ಣ ಅಂಗಡಿಯೇ ನನ್ನ ಮನೆ. ಅಲ್ಲಿ ನನಗೆ ಮೂರು ಕಟ್ಟಳೆ ಇದ್ದವು. ನನ್ನಿಂದ ಕಾಗದ ಕತ್ತರಿಸಬಾರದು. ದಸರೆಯ ಖಂಡೆ ಪೂಜೆಯ ದಿನ ನನಗೆ ಕುಂಕುಮ, ಹೂವು ಆಗಬೇಕು. ಮತ್ತು ನನ್ನನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಬಾರದು. ಕೊಟ್ಟರೆ ಆ ಇಬ್ಬರ ನಡುವೆ ಜಗಳ ಬರುತ್ತದೆ ಎಂದು ನಂಬಿಕೆ. ಕೊಡುವವರು ಹಲಗೆಯ ಮೇಲೆ ಇಡಬೇಕು, ತೆಗೆದುಕೊಳ್ಳುವವರು ಎತ್ತಿಕೊಳ್ಳಬೇಕು.

ವಿಠ್ಠಲರಾವ್ ತೀರಿಕೊಂಡ ಮೇಲೆ ಮಗ ತುಕಾರಾಮ ನನ್ನನ್ನು ಎತ್ತಿಕೊಂಡ. ಒಳ್ಳೆಯ ಕೈ. ಅಳತೆಯ ಕಾಗದ ಇಟ್ಟುಕೊಂಡವನಲ್ಲ. ಗಿರಾಕಿಯನ್ನು ಒಮ್ಮೆ ಟೇಪಿನಿಂದ, ಇನ್ನೊಮ್ಮೆ ಕಣ್ಣಿನಿಂದ ಅಳೆದು, ಸೀಮೆಸುಣ್ಣದಿಂದ ನೇರ ಬಟ್ಟೆಯ ಮೇಲೇ ಗೆರೆ ಎಳೆಯುತ್ತಿದ್ದ. ನಾನು ಆ ಗೆರೆಯಿಂದ ಎರಡು ಇಂಚು ಆಚೆ ನಡೆಯುತ್ತಿದ್ದೆ. ಆ ಎರಡು ಇಂಚು ಹೊಲಿಗೆಯ ಒಳಗೆ ಮಡಿಚಿ ಕೂರುತ್ತಿತ್ತು. ಅಂಗಿಯಾಗಲಿ, ಕೋಟಾಗಲಿ, ಮದುವೆಯ ಜಂಪರಾಗಲಿ, ತುಕಾರಾಮನ ಬಟ್ಟೆ ಎಂದರೆ ಒಳಗೆ ಎರಡು ಇಂಚು ಇದ್ದೇ ಇರುತ್ತಿತ್ತು. ಎದುರಿನ ಬಟ್ಟೆ ಅಂಗಡಿಯ ಬಸಲಿಂಗಪ್ಪ ಇದನ್ನು ನೋಡಿ, ಗಿರಾಕಿಯ ಬಟ್ಟೆಯನ್ನು ಒಳಗೇ ಹೂಳುತ್ತೀಯಲ್ಲ ಎಂದು ಕಾಡಿಸುತ್ತಿದ್ದ.

"ಮನಷ್ಯಾ ಇದ್ದಂಗ ಇರಂಗಿಲ್ಲೋ ಬಸಲಿಂಗಪ್ಪ," ಎಂದು ತುಕಾರಾಮ ಹೇಳುತ್ತಿದ್ದ. "ಬೆಳಿತಾನ, ಹೊಟ್ಟಿ ಬರ್ತೈತಿ, ಹೆಣಮಗಳು ಬಸರಾಗ್ತಾಳ. ಬಿಚ್ಚಾಕ ಒಳಗ ಒಂದೀಟು ಬಟ್ಟಿ ಬೇಕಪಾ."

ತುಕಾರಾಮನ ಒಬ್ಬಳೇ ಮಗಳು ಮುಕ್ತಾ. ಅವಳು ಐದನೇ ಇಯತ್ತೆಯಲ್ಲಿದ್ದಾಗ ತಾಯಿ ಕಾಮಾಲೆಯಿಂದ ಹೋದಳು. ಅಲ್ಲಿಂದ ಮುಂದೆ ಹುಡುಗಿ ಬೆಳೆದದ್ದೆಲ್ಲ ನನ್ನ ಹಲಗೆಯ ಕೆಳಗೆ. ನಾನು ಉದುರಿಸಿದ ಚಿಂದಿಗಳನ್ನು ಬಣ್ಣ ನೋಡಿ ಜೋಡಿಸುತ್ತಿದ್ದಳು. ತಾಯಿ ಅರ್ಧಕ್ಕೆ ಬಿಟ್ಟು ಹೋದ ಕೌದಿಯನ್ನು ಹನ್ನೊಂದನೇ ವಯಸ್ಸಿನಲ್ಲಿ ಅವಳೇ ಹೊಲಿದು ಮುಗಿಸಿದಳು. ಹದಿನಾರಕ್ಕೆ ಅಂಗಿ ಕತ್ತರಿಸಲು ಕಲಿತಳು. ನನ್ನನ್ನು ಹಿಡಿದ ಕೈಗಳ ಗುರುತು ನನಗಿದೆ, ಅಪ್ಪನಿಗಿಂತ ಅವಳ ಕೈ ಹಗುರ. ಆದರೆ ನಡಿಗೆ ಅಪ್ಪನದೇ. ಗೆರೆಯಿಂದ ಎರಡು ಇಂಚು ಆಚೆ.

ಹುಬ್ಬಳ್ಳಿಯಲ್ಲಿ ಉಡುಪು ವಿನ್ಯಾಸದ ಪದವಿ ಓದಿದಳು. ಆಮೇಲೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಲಂಡನ್ನಿನ ಕಾಲೇಜಿಗೆ ಒಂದು ವರ್ಷದ ಕೋರ್ಸಿಗೆ ಹೊರಟಳು. ಹೊರಡುವ ದಿನ ತುಕಾರಾಮ ನನ್ನನ್ನು ಒರೆಸಿ, ಎಣ್ಣೆ ಬಿಟ್ಟು, ಹಲಗೆಯ ಮೇಲೆ ಇಟ್ಟು ಹಿಂದೆ ಸರಿದ. ಮಗಳು ಎತ್ತಿಕೊಂಡಳು. ಅವನು ಎರಡನೆಯ, ಸಣ್ಣ ಕತ್ತರಿಯಲ್ಲಿ ದಿನ ನೂಕುವುದೆಂದು ಆಗಲೇ ತೀರ್ಮಾನವಾಗಿತ್ತು.

"ಕೈಚೀಲದಾಗ ಇಟಕೋ ಯವ್ವಾ. ಪೆಟ್ಟಿಗಿ ಎಲ್ಲೆರ ಕಳದಗಿಳದೀತು."

"ಕೈಯಾಗ ಕತ್ತರಿ ಹಿಡಕೊಂಡು ಇಮಾನ ಹತ್ತಾಕ ಬಿಡಂಗಿಲ್ಲಪಾ," ಎಂದು ಮುಕ್ತಾ ನಕ್ಕಳು. "ನಡು ಹಾದ್ಯಾಗ ಪೈಲಟನ ಅಳತಿ ತಗೀತೀನಂತ ಹೆದರ್ತಾರ."

ಒಂದು ಜಂಪರ್ ಪೀಸಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದಳು. ಈ ಮಾತು ನೆನಪಿಡಿ. ಆ ನಿಯಮ ಅವಳಿಗೆ ಗೊತ್ತಿತ್ತು.

ಲಂಡನ್ ದೊಡ್ಡ ಊರು ಎನ್ನುತ್ತಾರೆ. ನಾನು ಕಂಡದ್ದು ಒಂದು ಕೋಣೆ, ಮೂರು ಹಾಸಿಗೆ, ಎದುರು ಮನೆಯ ಇಟ್ಟಿಗೆ ಗೋಡೆಗೆ ತೆರೆಯುವ ಒಂದು ಕಿಟಕಿ. ಕಾಲೇಜು ಕೆಟ್ಟದಾಗಿರಲಿಲ್ಲ. ಕಾಗದದ ಮೇಲೆ ಅಳತೆ ತೆಗೆಯುವುದು, ಹೊಲಿಗೆಗೆ ಬೇಕಾದ ಅರ್ಧ ಇಂಚನ್ನು ಕಾಗದದಲ್ಲೇ ಸೇರಿಸುವುದು, ಒಂದು ನೂಲೂ ಹೆಚ್ಚಿಗೆ ಬಿಡದಿರುವುದು, ಎಲ್ಲ ಕಲಿತಳು. ಅಂಕಗಳೂ ಬಂದವು. ಕೊನೆಗೆ ಉಳಿದದ್ದು ಹನ್ನೆರಡು ವಾರಗಳ ಇಂಟರ್ನ್‌ಶಿಪ್. ಯಾವುದಾದರೂ ಉಡುಪು ತಯಾರಕರ ಹತ್ತಿರ ಸಂಬಳವಿಲ್ಲದೆ ದುಡಿದು, ಕೆಲಸ ತೃಪ್ತಿಕರ ಎಂದು ಒಂದು ಪತ್ರ ತರಬೇಕು. ಆ ಪತ್ರ ಇಲ್ಲದಿದ್ದರೆ ಪದವಿ ಇಲ್ಲ. ಇಡೀ ವರ್ಷ ಆ ಒಂದು ಹಾಳೆಯ ಮೇಲೆ ನಿಂತಿತ್ತು.

ಲಕ್ಷ್ಮೇಶ್ವರದಲ್ಲೂ ಅದರ ಸುದ್ದಿ ಮುಟ್ಟಿತ್ತು. ಭಾನುವಾರದ ವಿಡಿಯೋ ಕರೆಯಲ್ಲಿ ತುಕಾರಾಮ ಫೋನನ್ನು ಗೋಡೆಯ ಕಡೆ ತಿರುಗಿಸಿ ತೋರಿಸಿದ. ತಂದೆ ವಿಠ್ಠಲರಾವನ ಫೋಟೋದ ಪಕ್ಕ ಹೊಸದೊಂದು ಮೊಳೆ ಹೊಡೆದಿದ್ದ. ಪದವಿಯ ಕಾಗದ ಬಂದರೆ ಕಟ್ಟು ಹಾಕಿಸಿ ತೂಗುಹಾಕಲು.

ಮುಕ್ತಾಳಿಗೆ ಜಾಗ ಸಿಕ್ಕಿದ್ದು ಹೆಸರಾಂತ ವಿನ್ಯಾಸಕಿಯೊಬ್ಬಳ ಕಾರ್ಖಾನೆಯಲ್ಲಿ. ಹಳೆಯ ಕಟ್ಟಡದ ಮೂರನೇ ಮಹಡಿ. ಕತ್ತರಿಸುವ ಕೋಣೆಗೆ ಮಾರ್ಗೊ ಎಂಬ ಹೆಂಗಸು ಮುಖ್ಯಸ್ಥೆ. ಹೊಲಿಗೆ ಯಂತ್ರದ ಮೇಲೆ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯ ರೆಹಾನಾ ಇದ್ದಳು, ಇಪ್ಪತ್ತು ವರ್ಷದಿಂದ ಅಲ್ಲೇ ದುಡಿಯುತ್ತಿದ್ದವಳು. ಅವಳೊಬ್ಬಳೇ ಮುಕ್ತಾಳೊಂದಿಗೆ ಹಿಂದಿಯಲ್ಲಿ ಎರಡು ಮಾತಾಡುತ್ತಿದ್ದಳು. ಉಳಿದವರು ಹೆಸರು ಕೇಳಲಿಲ್ಲ. 'ಇಂಟರ್ನ್' ಎಂದರೆ ಇವಳು ತಿರುಗಬೇಕು.

ಎಂಟು ವಾರ ಅವಳು ಮಾಡಿದ ಕೆಲಸ ಹೇಳುತ್ತೇನೆ ಕೇಳಿ. ಕಾಫಿ ತರುವುದು. ಅಯಸ್ಕಾಂತ ಹಿಡಿದು ನೆಲದ ಮೇಲಿನ ಗುಂಡುಸೂಜಿ ಆರಿಸುವುದು. ಬಟ್ಟೆಯ ಥಾನುಗಳನ್ನು ಹೆಗಲ ಮೇಲೆ ಮೂರು ಮಹಡಿ ಹೊರುವುದು. ವಿನ್ಯಾಸಕಿಯ ನಾಯಿಯನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಉದ್ಯಾನದಲ್ಲಿ ತಿರುಗಿಸುವುದು. ನಾನು ಅವಳ ಚೀಲದಲ್ಲಿ ದಿನಾ ಹೋಗಿ ದಿನಾ ಬರುತ್ತಿದ್ದೆ. ಒಂದು ಎಳೆ ಬಟ್ಟೆ ಕಚ್ಚಲಿಲ್ಲ. ನಾಯಿ ತಿರುಗಿಸಲು ಸಮುದ್ರ ದಾಟಬೇಕಿತ್ತೇ? ಲಕ್ಷ್ಮೇಶ್ವರದಲ್ಲಿ ನಾಯಿಗಳಿಗೆ ಬರವೇ?

ಭಾನುವಾರ ಅಪ್ಪ ಕೇಳಿದರೆ, ಈ ವಾರ ಕೋಟು ಕತ್ತರಿಸಿದೆ ಎನ್ನುತ್ತಿದ್ದಳು. ನನ್ನನ್ನು ಫೋನಿನ ಮುಂದೆ ಹಿಡಿದು ತೋರಿಸುತ್ತಿದ್ದಳು. ತುಕಾರಾಮ ನನ್ನನ್ನು ನೋಡಿ, ಮೂತಿಗೆ ಎಣ್ಣೆ ಬಿಡು ಎಂದು ಮಾತ್ರ ಹೇಳುತ್ತಿದ್ದ. ಒಂದು ಸಂಜೆ ಅವಳು ಕೋಣೆಗೆ ಬಂದು, ಕೋಟು ಬಿಚ್ಚದೆ ನೆಲದ ಮೇಲೆ ಕೂತು, ನನ್ನಿಂದ ನೂಡಲ್ಸ್ ಪೊಟ್ಟಣ ಕತ್ತರಿಸಿದಳು. ವಿಠ್ಠಲರಾವ್ ಬದುಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಎಲ್ಲಿಗೆ ಬಂದು ಮುಟ್ಟಿದ್ದಳೆಂದು ಆಗ ನನಗೆ ತಿಳಿಯಲಿಲ್ಲ. ಪೊಟ್ಟಣವನ್ನೂ ಅರ್ಧ ತಿಂದು ಬಿಟ್ಟಳು.

ಒಂಬತ್ತನೇ ವಾರ ಪ್ರದರ್ಶನ ಹತ್ತಿರ ಬಂತು. ಬಟ್ಟೆ ಕತ್ತರಿಸುವವ ಜಗಳ ತೆಗೆದು ಕೆಲಸ ಬಿಟ್ಟು ಹೋದ. ಮಾರ್ಗೊ ಸುತ್ತ ನೋಡಿ, ಬೇರೆ ಯಾರೂ ಕಾಣದೆ, ಮುಕ್ತಾಳಿಗೆ ಒಂದು ಉದ್ದ ಕೋಟು ಕೊಟ್ಟಳು. ಕಡು ನೀಲಿ ಉಣ್ಣೆ, ಕೈಮಗ್ಗದಲ್ಲಿ ಈ ಒಂದು ಕೋಟಿಗೆಂದೇ ನೇಯಿಸಿದ್ದು. ಇನ್ನೊಂದು ಗೇಣು ಬೇಕೆಂದರೂ ಲೋಕದಲ್ಲಿ ಇಲ್ಲ. ಕಾಗದದಲ್ಲಿ ಎಲ್ಲ ಸೇರಿದೆ, ಅಂಚಿಗೆ ಸರಿಯಾಗಿ ಕತ್ತರಿಸು ಎಂದಳು.

ಮುಕ್ತಾ ಕಾಗದ ಹಾಸಿ, ಸೀಮೆಸುಣ್ಣದ ಗೆರೆ ಎಳೆದು, ನನ್ನನ್ನು ಚೀಲದಿಂದ ತೆಗೆದಳು.  ಮೊದಲ ಕಚ್ಚು ಹಾಕಿದಳು. ಎಷ್ಟು ತಿಂಗಳಾಗಿತ್ತು ನನಗೆ ಬಟ್ಟೆಯ ರುಚಿ ಹತ್ತಿ! ಎಂಥ ಬಟ್ಟೆ! ನಾನು ಓಡಿದೆ. ಅವಳು ನನ್ನ ಹಿಂದೆ ಬಂದಳು. ಬೆನ್ನಿನ ಎರಡು ಭಾಗ, ಮುಂದಿನ ಎರಡು ಭಾಗ, ಒಂದು ತೋಳು. ಇನ್ನೊಂದು ತೋಳಿಗೆ ಕಾಗದ ಇಡಲು ಹೋದಾಗ ಬಟ್ಟೆ ಮುಗಿದಿತ್ತು.

ನಾವು ಎಲ್ಲ ಕಡೆ ಗೆರೆಯಿಂದ ಎರಡು ಇಂಚು ಆಚೆ ನಡೆದಿದ್ದೆವು.

ಕಲಿತದ್ದನ್ನು ಅವಳು ಮರೆತಿರಲಿಲ್ಲ. ಕಾಲೇಜಿನ ಕತ್ತರಿ ಹಿಡಿದಿದ್ದರೆ ಸರಿಯಾಗಿಯೇ ಕತ್ತರಿಸುತ್ತಿದ್ದಳು. ನನ್ನನ್ನು ಹಿಡಿದಳು. ನನಗೆ ಗೊತ್ತಿದ್ದ ದಾರಿ ಅದೊಂದೇ. ಈ ತಪ್ಪಿನಲ್ಲಿ ಅರ್ಧ ನನ್ನದು, ಒಪ್ಪಿಕೊಳ್ಳುತ್ತೇನೆ.

ಮುಕ್ತಾ ಬಿಳಿಚಿಕೊಂಡು ನಿಂತಿದ್ದಳು. ರೆಹಾನಾ ಯಂತ್ರ ಬಿಟ್ಟು ಎದ್ದು ಬಂದು, ಬಟ್ಟೆ ಮುಟ್ಟಿ ನೋಡಿ, ಬಟ್ಟೆ ಕಳೆದಿಲ್ಲವಲ್ಲ ಬೇಟಿ, ಅಂಚಿನಲ್ಲೇ ಇದೆಯಲ್ಲ ಎಂದಳು. ಮುಕ್ತಾ ಆ ಎರಡಿಂಚಿನ ಪಟ್ಟಿಗಳನ್ನೆಲ್ಲ ನನ್ನಿಂದ ಬಿಡಿಸಿಕೊಂಡಳು. ಒಂದರ ಪಕ್ಕ ಒಂದಿಟ್ಟು, ಕೆಳಗೆ ತೆಳು ಅಸ್ತರು ಕೊಟ್ಟು, ತಾಯಿಯ ಕೌದಿಯ ಹಾಗೆ ಸಾಲುಸಾಲು ಕೈಹೊಲಿಗೆ ಹಾಕಿದಳು. ಎರಡು ದಿನ ಕೂತಲ್ಲಿಂದ ಏಳಲಿಲ್ಲ. ಎರಡನೆಯ ತೋಳು ತಯಾರಾಯಿತು.

ಮಾರ್ಗೊ ನೋಡಿ ಕೂಗಾಡಿದಳು. ಅಷ್ಟರಲ್ಲಿ ವಿನ್ಯಾಸಕಿ ನಾಯಿಯ ಜೊತೆ ಒಳಗೆ ಬಂದಳು. ಆ ತೋಳಿನ ಮೇಲೆ ಮೂರು ಸಲ ಕೈ ಆಡಿಸಿದಳು. ಇದು ಹೀಗೇ ಇರಲಿ ಎಂದಳು. ಯಾರು ಹೊಲಿದರೆಂದು ಕೇಳಲಿಲ್ಲ.

ಪ್ರದರ್ಶನದಲ್ಲಿ ಆ ಕೋಟು ನಡೆಯಿತು. ಪತ್ರಿಕೆಯಲ್ಲಿ ಚಿತ್ರ ಬಂತು, ತೋಳು ಎದ್ದು ಕಾಣುವಂತೆ. ಮುಕ್ತಾ ಖುಷಿಯಿಂದ ಅದನ್ನು ಅಪ್ಪನಿಗೆ ಕಳಿಸಿದಳು. ತುಕಾರಾಮ ಕೂಡಲೇ ಕರೆ ಮಾಡಿದ.

"ಇದು ನಿಮ್ಮವ್ವನ ಟಾಕಿ ಅಲ್ಲೇನ?" ಎಂದು ಆ ಹೊಲಿಗೆಯ ಗುರುತು ಹಿಡಿದು ಕೇಳಿದ. ಆಮೇಲೆ ಫೋನು ಹಿಡಿದು ಇಡೀ ಬಜಾರು ತಿರುಗಿದನಂತೆ. ಇನ್ನು ಗಿರಾಕಿಗಳ ಚಿಂದಿಯನ್ನೂ ಲಂಡನ್ನಿಗೆ ಕಳಿಸುತ್ತೀಯೇನು ಎಂದು ಬಸಲಿಂಗಪ್ಪ ಕೇಳಿದನಂತೆ.

ಮರುದಿನ ಬೆಳಿಗ್ಗೆ ಮಾರ್ಗೊ ಮುಕ್ತಾಳನ್ನು ಕರೆದು, ನಾಳೆಯಿಂದ ಬರಬೇಡ ಎಂದಳು. ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದೂ ಹೇಳಿದಳು.

ಆ ತೋಳು ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರಲ್ಲ ಎಂದು ಮುಕ್ತಾ ಕೇಳಿದಳು.

"ತೋಳು ಚೆನ್ನಾಗಿದೆ," ಎಂದಳು ಮಾರ್ಗೊ. "ನೀನು ಹೇಳಿದಂತೆ ಮಾಡುವವಳಲ್ಲ. ಎರಡೂ ನಿಜ."

ನಾನು ಚೀಲದಲ್ಲಿದ್ದೆ. ಎರಡು ಅಲಗು ಇರುವುದು ಕತ್ತರಿಗೆ ಮಾತ್ರ, ಮಾತಿಗಲ್ಲ ಎಂದು ಅಂದಿನವರೆಗೆ ತಿಳಿದಿದ್ದೆ.

ರೆಹಾನಾ ಮುಕ್ತಾಳ ಪರ ವಹಿಸಲಿಲ್ಲ. ಅವಳ ಸಂಬಳ ನಂಬಿದ ಮನೆಯೊಂದಿತ್ತು. ಮೆಟ್ಟಿಲವರೆಗೆ ಬಂದು ಮುಕ್ತಾಳ ತಲೆ ಸವರಿ ಹಿಂದಿರುಗಿದಳು, ಅಷ್ಟೇ. ಕಾಲೇಜಿನವರು ಮರ್ಯಾದೆಯಿಂದಲೇ ವಿವರಿಸಿದರು: ಪತ್ರವಿಲ್ಲದೆ ಪಾಸು ಮಾಡಲಾಗದು, ಬೇಕಾದರೆ ಬರುವ ವರ್ಷ ಮತ್ತೆ ಸೇರಬಹುದು. ವಿದ್ಯಾರ್ಥಿವೇತನ ಒಂದು ವರ್ಷಕ್ಕೆ ಮಾತ್ರ. ಮುಕ್ತಾ ಕೋಣೆಗೆ ಹಿಂದಿರುಗಿದಳು. ಮೂರು ದಿನ ಇಟ್ಟಿಗೆ ಗೋಡೆ ನೋಡುತ್ತ ಮಲಗಿದ್ದಳು. ನಾಲ್ಕನೇ ದಿನ ಎದ್ದು ಪೆಟ್ಟಿಗೆ ಕಟ್ಟಿದಳು. ಅಪ್ಪನಿಗೆ, ಕೋರ್ಸು ಮುಗೀತು, ಬರುತ್ತಿದ್ದೇನೆ ಎಂದಳು. ಮುಗಿದದ್ದೇನೋ ನಿಜವೇ.

"ಕತ್ತರಿ ಜ್ವಾಕಿ," ಎಂದ ತುಕಾರಾಮ. "ಕಾಗದ ಮಡಚಬ್ಯಾಡ, ಕಟ್ಟು ಹಾಕ್ಸೂದೈತಿ."

"ಹೂಂನಪಾ," ಎಂದಳು.

ಅವಳು ಜಂಪರ್ ಪೀಸಿನಲ್ಲಿ ನನ್ನನ್ನು ಸುತ್ತಿದಳು. ಪೆಟ್ಟಿಗೆ ತೆರೆದೇ ಇತ್ತು. ಒಂದಿಷ್ಟು ಹೊತ್ತು ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಆಮೇಲೆ ಪೆಟ್ಟಿಗೆ ಮುಚ್ಚಿ, ನನ್ನನ್ನು ಕೈಚೀಲಕ್ಕೆ ಹಾಕಿದಳು.

ವಿಮಾನ ನಿಲ್ದಾಣದಲ್ಲಿ ಯಂತ್ರದೊಳಗೆ ಹಾದ ಕೂಡಲೇ ಚೀಲವನ್ನು ಬದಿಗೆ ತಳ್ಳಿದರು. ತಪಾಸಣೆಯ ಹೆಂಗಸು ಒಳಗೆ ಏನಿದೆ ಎಂದು ಕೇಳಿದಳು. ಅಪ್ಪನ ಕತ್ತರಿ ಎಂದಳು ಮುಕ್ತಾ. ಆ ಹೆಂಗಸು ಕೆಟ್ಟವಳಲ್ಲ. ನನ್ನ ಹಿತ್ತಾಳೆ ಹಿಡಿಕೆ ನೋಡಿ, ಹಳೆಯದಲ್ಲವೇ, ಇನ್ನೂ ಸಮಯವಿದೆ, ಹಿಂದೆ ಹೋಗಿ ಸಾಮಾನಿನ ಜೊತೆ ಕಳಿಸಿ ಬಾ ಎಂದಳು.

ಮುಕ್ತಾ ಬೇಡ ಎಂದು ತಲೆ ಆಡಿಸಿದಳು.

ಹಾಗಾದರೆ ಕೊಡು ಎಂದು ಹೆಂಗಸು ಕೈಗವಸು ಹಾಕಿದ ಕೈ ಚಾಚಿದಳು. ಮುಕ್ತಾ ಆ ಕೈಗೆ ಕೊಡಲಿಲ್ಲ. ನನ್ನನ್ನು ಉಕ್ಕಿನ ಮೇಜಿನ ಮೇಲೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದಳು. ಜಂಪರ್ ಪೀಸನ್ನು ಮಾತ್ರ ಮಡಿಚಿಕೊಂಡು ಹೋದಳು. ಆ ಹೆಂಗಸು ಕೈ ಚಾಚಿದಂತೆಯೇ ಅರೆಗಳಿಗೆ ನಿಂತು, ಆಮೇಲೆ ನನ್ನನ್ನು ಎತ್ತಿಕೊಂಡಳು.

ಈಗ ನಾನು ಒಂದು ಉಗ್ರಾಣದಲ್ಲಿ, ಒಂದು ಪ್ಲಾಸ್ಟಿಕ್ ತೊಟ್ಟಿಯಲ್ಲಿ ಬಿದ್ದಿದ್ದೇನೆ. ಮೇಲೆ ಕೆಳಗೆ ಚಾಕು, ಉಗುರುಕಟ್ಟರ್, ಯಾರದೋ ತಿರುಪುಳಿ. ಗುಜರಿಗೋ, ಹರಾಜಿಗೋ ಗೊತ್ತಿಲ್ಲ. ಮೂತಿಗೆ ತುಕ್ಕು ಹತ್ತುತ್ತಿದೆ. ದಸರೆ ಬಂದು ಹೋಗಿರಬೇಕು.

ಮೊದಮೊದಲು ಅವಳನ್ನು ಮನಸಾರೆ ಬೈದೆ. ಮರೆತು ಕೈಚೀಲಕ್ಕೆ ಹಾಕಿದಳೇ? ಪೈಲಟನ ಅಳತೆಯ ಮಾತು ಆಡಿದವಳೇ ಅವಳು. ಹಿಂದೆ ಹೋಗಿ ಬಾ ಎಂದರೂ ಹೋಗಲಿಲ್ಲ. ಬೇಕೆಂದೇ ಬಿಟ್ಟಳು. ಮೂರು ತಲೆಮಾರು ದುಡಿದ ಕತ್ತರಿಯನ್ನು!

ಇಲ್ಲಿ ಮಾಡಲು ಕೆಲಸವಿಲ್ಲ, ಯೋಚಿಸುವುದೊಂದೇ. ಲಕ್ಷ್ಮೇಶ್ವರದ ಬಸ್ಸಿಳಿದು ಅವಳು ಅಂಗಡಿಯ ಕಟ್ಟೆ ಹತ್ತಿದಳು ಎನ್ನಿ. ಗೋಡೆಯ ಮೇಲೆ ಮೊಳೆ. ಹಲಗೆಯ ಹಿಂದೆ ಅಪ್ಪ. ಮಗಳ ಮುಖ ನೋಡಿದ ತಕ್ಷಣ, ಯಾಕವ್ವಾ, ಏನಾತು ಎಂದು ಕೇಳುತ್ತಾನೆ. ಪತ್ರದ ಮಾತು ಅವಳ ಬಾಯಿಂದ ಆ ಕ್ಷಣಕ್ಕೆ ಬರಲಾರದು. ಆದರೆ ಕತ್ತರಿ ಹೋಯಿತು ಅಪ್ಪಾ ಎನ್ನಬಹುದು. ಅದು ಸುಳ್ಳಲ್ಲ. ಅದಕ್ಕಾಗಿ ಎಷ್ಟು ಬೇಕಾದರೂ ಅಳಬಹುದು. ತುಕಾರಾಮ ಬೈಯುತ್ತಾನೆ, ಆಮೇಲೆ ತಾನೇ ಸಮಾಧಾನ ಮಾಡುತ್ತಾನೆ. ಉಳಿದದ್ದನ್ನು ಒಂದು ವಾರ ಬಿಟ್ಟೋ, ಒಂದು ತಿಂಗಳು ಬಿಟ್ಟೋ, ಅಪ್ಪನ ಎದುರು ಗುಂಡಿಗೆ ಕಾಜಾ ಮಾಡುತ್ತ ಕೂತಾಗ, ಸ್ವಲ್ಪ ಸ್ವಲ್ಪವೇ ಬಿಚ್ಚಬಹುದು.

ತುಕಾರಾಮ ಪ್ರತಿ ಬಟ್ಟೆಯ ಒಳಗೆ ಎರಡು ಇಂಚು ಬಿಡುತ್ತಿದ್ದ. ಮಗಳು ನನ್ನನ್ನು ಬಿಟ್ಟಳು.

ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಅದು ಅವಳ ಮೇಲಲ್ಲ.