ಊರು ಬಿಟ್ಟ ಸೋಮವಾರ

ನನ್ನ ಗಂಡ ಮಂಜಣ್ಣನಿಗೆ ತಲೆ ಇಲ್ಲ ಎಂದು ನಾನು ಹೇಳುವುದಿಲ್ಲ. ಇದೆ. ಆದರೆ ನಾಲ್ಕು ಜನ ಸೇರಿದ ಕಡೆ ಅದು ಬರೀ ಆಡಿಸುವುದಕ್ಕೆ ಇರುತ್ತದೆ. ಶ್ರಾವಣದ ಮೊದಲ ಸೋಮವಾರ ಹೊರಬೀಡು ಮಾಡೋಣವೇ ಎಂದು ಊರಿನ ಹಿರಿಯ ಕಾಟಲಿಂಗಪ್ಪ ಕೇಳಿದಾಗಲೂ ತಲೆಯಾಡಿಸಿ ಬಂದರು. ಅದೇ ಸೋಮವಾರ ನಮ್ಮ ಮಗಳು ಮೇಘಶ್ರೀಯನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಫೋನು ಮಾಡಿ ಅವರನ್ನು ಕರೆದವರೂ ಇವರೇ!

ಹೊರಬೀಡು ಅಂದರೆ ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಒಂದು ದಿನ ಮನೆ ಬಿಟ್ಟು ಹೊಲದಲ್ಲಿ ಬೀಡು ಬಿಡುವುದು. ಬೆಳಿಗ್ಗೆ ಒಲೆ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಎಮ್ಮೆ, ಕುರಿ, ಕೋಳಿಪುಟ್ಟಿ ಸಮೇತ ಹೊರಟು, ಊರಬಾಗಿಲಿಗೆ ಮುಳ್ಳು ಅಡ್ಡ ಎಳೆಯುತ್ತೇವೆ. ಹೊತ್ತು ಮುಳುಗುವ ತನಕ ಊರಿನವರು ಯಾರೂ ಒಳಗೆ ಕಾಲಿಡುವಂತಿಲ್ಲ. ಹಿಂದೊಮ್ಮೆ ಬೀಡಿ ಮರೆತೆನೆಂದು ಒಳಗೆ ನುಗ್ಗಿದ ಅಜ್ಜಪ್ಪನನ್ನು ಊರು ಇವತ್ತಿಗೂ ಬಿಟ್ಟಿಲ್ಲ. ಮೋಡ ಚದುರಿದರೆ ಸಾಕು, "ಬೀಡಿ ಸೇದಿ ಬಂದ್ಯೇನೋ ಅಜ್ಜಪ್ಪಾ" ಎನ್ನುತ್ತಾರೆ.

ಈ ವರ್ಷ ನಮ್ಮ ಹಿರೇಗುಂಟನೂರು ಕಡೆ ಆಷಾಢದ ಗಾಳಿ ಬೀಸಿದ್ದೇ ಬೀಸಿದ್ದು. ಪಡುವಣ ದಿಕ್ಕಿನಿಂದ ಕಪ್ಪು ಮೋಡ ಏಳುತ್ತಿತ್ತು. ಇನ್ನೇನು ಸುರಿಯಿತು ಅನ್ನುವಷ್ಟರಲ್ಲಿ ಗಾಳಿ ಅದನ್ನು ನಮ್ಮ ತಲೆ ಮೇಲಿಂದ ಆಂಧ್ರಕ್ಕೆ ಅಟ್ಟಿಬಿಡುತ್ತಿತ್ತು. ಶೇಂಗಾ ಗಿಡ ಗೇಣುದ್ದಕ್ಕೆ ನಿಂತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಮಾತ್ರ ಒಳ್ಳೇ ಸುಗ್ಗಿ, ಹಗಲೂ ರಾತ್ರಿ ತಿರುಗಿದವು. ನಾವು ಅವನ್ನು ಫ್ಯಾನು ಎನ್ನುತ್ತೇವೆ. ಆ ಫ್ಯಾನು ರಿಪೇರಿ ಮಾಡುವ ಹುಡುಗನೇ ಪ್ರದೀಪ. ದುರ್ಗದ ಬಸ್ಸಿನಲ್ಲಿ ನನ್ನ ಮಗಳಿಗೆ ಪರಿಚಯವಾಗಿ, ಪರಿಚಯ ಹೆಚ್ಚಾಗಿ, "ಆದ್ರೆ ಅವನನ್ನೇ ಆಗೋದು, ಇಲ್ಲಾಂದ್ರೆ ಮದುವೆ ಮಾತೇ ಎತ್ತಬ್ಯಾಡ್ರಿ" ಎಂದು ಮೇಘಶ್ರೀ ಹಟ ಹಿಡಿದಿದ್ದಳು.

ಹುಡುಗನದು ಹೊಳಲ್ಕೆರೆ ತಾಲೂಕಿನ ಹೊರಕೆರೆದೇವಪುರ. ಆ ಕಡೆ ನಮಗಿಂತ ನಾಲ್ಕು ಹನಿ ಹೆಚ್ಚು ಬೀಳುತ್ತದೆ. ಅಷ್ಟಕ್ಕೇ ಅಲ್ಲಿಯವರಿಗೆ ಒಂದು ಗತ್ತು. ಹುಡುಗನ ತಾಯಿ ಜಯಕ್ಕ, "ಗಾಳಿ ತಿಂದು ಬದುಕೋ ಊರಿನ ಹೆಣ್ಣು ನಮಗ್ಯಾಕೆ" ಎಂದು ಒಮ್ಮೆ ಬೇಡವೆಂದಿದ್ದೂ ಆಗಿತ್ತು. ಈಗ ಮಗನ ಕಾಟ ತಾಳಲಾರದೆ ಒಪ್ಪಿ ಹೊರಟಿದ್ದರು.

ದಿನ ಒಂದೇ ಎಂಬುದು ನಮಗೆ ಗೊತ್ತಾಗಿದ್ದು ಭಾನುವಾರ ಸಂಜೆ, ತಮಟೆ ಸಾರಿದ ಮೇಲೆ. ನಾನು ಗಂಡನ ಮೇಲೆ ಹಾರಾಡಿದೆ. ಮುಂದಕ್ಕೆ ಹಾಕೋಣವೆಂದರೆ ಮೇಘಶ್ರೀ ಅಳುಮುಖ ಮಾಡಿದಳು. "ಬ್ಯಾಡಮ್ಮಾ. ನೆಪ ಸಿಕ್ಕಿದ್ರೆ ಅವರಮ್ಮ ಇನ್ನು ಈ ಕಡೆ ತಲೇನೂ ಹಾಕಲ್ಲ."

"ಹೊಲ್ದಾಗೇ ನೋಡ್ಲಿ ಬಿಡು. ಮಗಳು ಅಲ್ಲೇನು ಬೇರೆ ಕಾಣ್ತಾಳಾ?" ಎಂದರು ಇವರು. ಬೇರೆಯೇ ಕಂಡಳು. ಅವಸರದಲ್ಲಿ ರೇಷ್ಮೆ ಸೀರೆಯ ಗಂಟನ್ನು ಇವರು ಮನೆಯೊಳಗೇ ಬಿಟ್ಟು ಬೀಗ ಹಾಕಿದ್ದರು. ಅದು ನೆನಪಾಗುವಾಗ ಮುಳ್ಳು ಬಿದ್ದಾಗಿತ್ತು. ಮಾಸಿದ ಚೂಡಿದಾರದಲ್ಲಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹೋಳಿಗೆ ತಟ್ಟುತ್ತಿದ್ದವಳ ಮುಂದೆ ಗಂಡಿನ ಕಡೆಯವರ ಕಾರು ಬಂದು ನಿಂತಿತು.

ಜಯಕ್ಕ ಕಾರಿಳಿದು ಮುಳ್ಳು ಹಾಕಿದ ಊರಬಾಗಿಲನ್ನು ನೋಡಿದರು, ಹೊಲದ ತುಂಬ ಹೊಗೆಯಾಡುವ ಒಲೆಗಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಹಲ್ಲು ಬಿಟ್ಟೆ.

"ಬರ್ರಿ, ಕುಂತ್ಕಳ್ರಿ. ಇವತ್ತು ನಮ್ಮೂರು ಹೊರಬೀಡು."

"ನಮ್ಮಜ್ಜಿ ಕಾಲಕ್ಕೆ ನಮ್ಮೂರಾಗೂ ಮಾಡ್ತಿದ್ರು. ಈಗ ಯಾರು ಮಾಡ್ತಾರೆ!" ಎಂದರು ಜಯಕ್ಕ. ಹೊಗಳಿದ್ದೋ ಹಂಗಿಸಿದ್ದೋ ತಿಳಿಯಲಿಲ್ಲ. ಅವರ ಯಜಮಾನರು ಜಂಪಣ್ಣ ಮಾತ್ರ ಟಾರ್ಪಾಲಿನ ಕೆಳಗೆ ಕಾಲು ಚಾಚಿ, ಬಿಸಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಬಂದ ಕೆಲಸವನ್ನೇ ಮರೆತರು.

ಜಯಕ್ಕ ಮರೆಯಲಿಲ್ಲ. ಮೇಘಶ್ರೀಯನ್ನು ಪಕ್ಕಕ್ಕೆ ಕೂರಿಸಿಕೊಂಡು ಓದು, ಕೆಲಸ, ಅಡುಗೆ ಎಲ್ಲ ವಿಚಾರಿಸಿದರು. ಮುಖದಲ್ಲಿ ಒಂದು ಗೆರೆ ಆಚೀಚೆ ಆಗಲಿಲ್ಲ. ಪ್ರದೀಪ ದೂರದ ಬೇವಿನ ಮರಕ್ಕೆ ಒರಗಿ ಗುಡ್ಡದ ಫ್ಯಾನುಗಳನ್ನು ನೋಡುವವನಂತೆ ನಟಿಸುತ್ತಿದ್ದ. ಸೀರೆ ಇಲ್ಲ, ಬೆಳ್ಳಿ ತಟ್ಟೆ ಇಲ್ಲ, ಕೂರಲು ಒಂದು ಕುರ್ಚಿಯೂ ಇಲ್ಲ. ಸಂಬಂಧ ಕೈತಪ್ಪಿದರೆ ಮಗಳ ಮುಖ ಹೇಗೆ ನೋಡಲಿ?

ಊಟ ಮುಗಿದು ಎಲೆ ಎತ್ತುವಾಗ ಗಾಳಿ ನಿಂತಿತು. ಎಷ್ಟೋ ದಿನಕ್ಕೆ ನಿಂತ ಗಾಳಿ. ಫ್ಯಾನುಗಳೆಲ್ಲ ಒಂದೊಂದಾಗಿ ಸೋತು ನಿಂತವು. "ಎಲ್ಲಾನೂ ಒಟ್ಟಿಗೆ ಕೆಟ್ಟವೇನಪ್ಪ?" ಎಂದು ಜಂಪಣ್ಣ ಮಗನನ್ನು ಕೇಳಿದರು. ಅವನು ಉತ್ತರ ಕೊಡುವ ಮೊದಲೇ ದಪ್ಪ ಹನಿಯೊಂದು ಅವರ ಬೋಳುತಲೆಯ ಮೇಲೆ ಬಿತ್ತು.

ಆಮೇಲೆ ಸುರಿಯಿತು ನೋಡಿ! ಆಶ್ಲೇಷ ಮಳೆ ಹೆಸರಿಗೆ ತಕ್ಕಂತೆ ಸುರಿದದ್ದನ್ನು ನಾನು ಕಂಡು ಎಷ್ಟು ವರ್ಷವಾಗಿತ್ತೋ. ಹೆಂಗಸರು ಕೂಗಿದರು, ಹುಡುಗರು ಅಂಗಿ ಬಿಚ್ಚಿ ಕುಣಿದರು, ಕೋಳಿಗಳು ಪುಟ್ಟಿಯೊಳಗೇ ರಂಪ ಮಾಡಿದವು. ಎಲ್ಲರೂ ಅಜ್ಜಪ್ಪನ ಬೆನ್ನು ತಟ್ಟಿದರು, ಈ ಸಲ ಬೀಡಿ ಮರೆಯದೆ ತಂದಿದ್ದಕ್ಕೆ. ನನಗೂ ಸಂತೋಷವೇ. ಆದರೆ ನೀರು ತುಂಬಿ ಜೋತ ಟಾರ್ಪಾಲು ಒಂದೇ ಸಲ ಮಗುಚಿ, ಜಯಕ್ಕನ ಹೊಸ ಸೀರೆ ಅಂಚಿನಿಂದ ಸೆರಗಿನವರೆಗೆ ನೆನೆದುಹೋದಾಗ ನನ್ನ ಜೀವ ಬಾಯಿಗೆ ಬಂತು.

ನಾನು ಕಾಟಲಿಂಗಪ್ಪನ ಹತ್ತಿರ ಓಡಿದೆ. "ಯಜಮಾನ್ರೇ, ಮಳೆ ಬಂದೇಬಿಡ್ತಲ್ಲ, ಮುಳ್ಳು ತೆಗೀರಿ."

"ಹೊತ್ತು ಮುಳುಗ್ಲಿ."

"ಹೊತ್ತೇ ಕಾಣ್ತಿಲ್ಲಲ್ರಿ!"

"ಕಾಣದಿದ್ರೂ ಮುಳುಗ್ತೈತೆ, ಕಾಯಿ" ಎಂದವರು ನನ್ನ ಮುಖ ನೋಡಿ ಮೆತ್ತಗಾದರು. "ಬೀಗರು ಬೇಕಾದ್ರೆ ಹೋಗ್ಲಿ, ಗಂಗಕ್ಕ. ಕಟ್ಟು ಇರೋದು ಊರಿನೋರಿಗೆ. ಅವರು ಹೊರಗಿನೋರು, ದೋಷ ಇಲ್ಲ."

ಹೋದ ಜೀವ ಬಂದಂತಾಯಿತು. ಓಡಿ ಬಂದು ಸೊಂಟದ ಬೀಗದ ಕೈ ತೆಗೆದು ಜಯಕ್ಕನಿಗೆ ಕೊಟ್ಟೆ. "ನೀವು ಮೂರೂ ಜನ ನಮ್ಮನೇಗೆ ಹೋಗಿ ಬೆಚ್ಚಗಿರ್ರಿ. ನೀವು ಹೊರಗಿನೋರು, ಹೋದ್ರೆ ನಡೀತೈತೆ. ಬೀರುನಾಗೆ ಒಣ ಸೀರೆ ಐತೆ, ಉಟ್ಕಳ್ರಿ."

ಜಂಪಣ್ಣ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಪ್ರದೀಪ ಮರದ ಹತ್ತಿರದಿಂದ ಬಂದು ನಿಂತ. ಜಯಕ್ಕ ಕದಲಲಿಲ್ಲ. ಅಂಗೈಲಿದ್ದ ಬೀಗದ ಕೈಯನ್ನು ನೋಡಿದರು. ಎರಡೂ ಕೈಯಿಂದ ಟಾರ್ಪಾಲಿನ ಮೂಲೆ ಎತ್ತಿ ಹಿಡಿದು, ತಾನು ತೊಟ್ಟಿಕ್ಕುತ್ತಾ ಅವರ ತಲೆ ಕಾಯುತ್ತಿದ್ದ ನನ್ನ ಮಗಳನ್ನು ನೋಡಿದರು.

"ಲೇ ಪ್ರದೀಪ, ಎಲ್ಲಿಗೆ ಹೊಂಟೆ? ನಿಮ್ಮಪ್ಪಂಗೂ ಕುಂತ್ಕಳಾಕೆ ಹೇಳು" ಎಂದರು. ಬೀಗದ ಕೈಯನ್ನು ನನ್ನ ಕೈಗೆ ವಾಪಸು ಇಟ್ಟು, ಬೆರಳು ಮಡಚಿದರು. "ಹೊರಗಿನೋರು ಹೋಗಬೌದು, ಸರಿ ಗಂಗಕ್ಕ. ಈ ಊರಿನ ಅಳಿಯ ಹೆಂಗೆ ಹೋಗ್ತಾನೆ? ಹೊತ್ತು ಮುಳುಗಲಿ, ಎಲ್ಲ ಕೂಡೇ ಹೋಗಾಣ."

ನಾನು ಮಳೆಯಲ್ಲಿ ನಿಂತು ಗೊಳೋ ಎಂದು ಅತ್ತುಬಿಟ್ಟೆ. ಪಕ್ಕದಲ್ಲಿ ನನ್ನ ಗಂಡ ತಲೆಯಾಡಿಸುತ್ತಾ ನಿಂತಿದ್ದರು, ಜಯಕ್ಕ ತಮ್ಮ ಒದ್ದೆ ಸೆರಗನ್ನು ಎಳೆದು ಮೇಘಶ್ರೀಯ ತಲೆಗೆ ಹೊದಿಸುತ್ತಿದ್ದರು.