ಅಂಗೈ ಮೂಸುವ ಹೇಮಪ್ಪ

ಯಾವ ನಾಯಿಯ ಮೈ ಮುಟ್ಟುವುದಕ್ಕೂ ಮುಂಚೆ ನಮ್ಮ ಮರಳಿ ಊರಿನ ಹೇಮಪ್ಪ ತನ್ನ ಎರಡೂ ಅಂಗೈಗಳನ್ನು ಮೂಗಿನ ಹತ್ತಿರ ತಂದು ದೀರ್ಘವಾಗಿ ಮೂಸುತ್ತಾನೆ. ಮೂಸಿ, ಸಾಬೂನು ಹಚ್ಚಿ ತೊಳೆದು, ಧೋತರದ ಚುಂಗಿಗೆ ಒರೆಸಿಕೊಂಡು, ಇನ್ನೊಮ್ಮೆ ಮೂಸಿ, ಆಮೇಲಷ್ಟೇ "ಬಾ" ಎನ್ನುತ್ತಾನೆ. ಪೂಜೆಗೆ ಕೂರುವವರಲ್ಲೂ ಇಷ್ಟು ಮಡಿಯನ್ನು ನಮ್ಮ ಓಣಿ ಕಂಡಿರಲಿಲ್ಲವಾದ್ದರಿಂದ ನಾವು ಹೊಟ್ಟೆ ತುಂಬ ನಕ್ಕಿದ್ದೇವೆ.

ಭತ್ತಕ್ಕೆ ಎಣ್ಣೆ ಹೊಡೆಯುವುದು ಅವನ ಕಸುಬು. ಹುಳದ ಔಷಧಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಮೂವತ್ತು ವರ್ಷ ಬೆನ್ನ ಮೇಲೆ ಪಂಪು ಹೊತ್ತ ದೇಹ, ಅದನ್ನು ಇಳಿಸಿಟ್ಟ ಮೇಲೂ ಎಡಕ್ಕೆ ವಾಲಿಯೇ ನಡೆಯುತ್ತದೆ. ಮೇ ತಿಂಗಳ ಉರಿಯಲ್ಲೂ ಕೊರಳವರೆಗೆ ಗುಂಡಿ ಬಿಗಿದ ತುಂಬುತೋಳಿನ ಖಾಕಿ ಅಂಗಿ. ಎಷ್ಟು ನೀರಿಗೆ ಎಷ್ಟು ಮುಚ್ಚಳ ಎಂದು ಹೊಲದ ಧಣಿಗಳೇ ಅವನನ್ನು ಕೇಳುತ್ತಾರೆ. "ಅಳತಿ ತಪ್ಪಬಾರದ್ರಿ" ಎಂಬುದು ಅವನ ಮಾತಿನ ಪಲ್ಲವಿ. ಮದುವೆಯ ಮಾತು ತಂದವರಿಗೂ ಇದನ್ನೇ ಹೇಳಿದನೋ ಏನೋ, ಒಂಟಿಯಾಗಿಯೇ ಉಳಿದ. ಮನೆಯಲ್ಲಿ ಜೊತೆಗಿದ್ದುದು ಕೆಂಚನೆಂಬ ನಾಯಿಯೊಂದೇ.

ಆರು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ ಆ ಕೆಂಚ ಸತ್ತ. ಹಾವು ಕಡಿಯಿತು ಎಂದ ಹೇಮಪ್ಪ. ಓಣಿಯ ಗಂಡಸರು ಕೋಲು ಹಿಡಿದು ಹುಡುಕಿ, ಬಣವೆಯ ಬುಡದಲ್ಲಿ ಸಿಕ್ಕ ಒಂದು ಬಡಪಾಯಿ ಕೇರೆಹಾವನ್ನು ಬಡಿದು ಕೊಂದರು. ಹೇಮಪ್ಪ ಗೋಡೆಗೆ ಒರಗಿ ನೋಡುತ್ತಿದ್ದ.

ಅಂಗೈ ಮೂಸುವ ಚಟ ಶುರುವಾದದ್ದು ಅಲ್ಲಿಂದ. ಕಾಲುವೆಯ ನೀರು ನಿಂತು, ಎರಡನೇ ಬೆಳೆ ಮನೆ ಸೇರಿತೆಂದರೆ ಅವನಿಗೆ ಕೆಲಸವಿಲ್ಲ; ನಾಯಿಗಳ ಮೈಮೇಲೆ ಉಣ್ಣಿಗಳ ಸುಗ್ಗಿಯೂ ಆಗಲೇ. ಓಣಿಯ ನಾಯಿಗಳನ್ನೆಲ್ಲ ಬೇವಿನ ನೆರಳಿಗೆ ಕರೆದು, ಕಿವಿಯ ಮಡಿಕೆ, ಬೆರಳ ಸಂದು, ಬಾಲದ ಬುಡವನ್ನೆಲ್ಲ ಸೋಸಿ, ಚಿಮಟದಿಂದ ಒಂದೊಂದೇ ಉಣ್ಣಿ ಕಿತ್ತು ಸಾಬೂನಿನ ನೀರಿಗೆ ಹಾಕುತ್ತಾನೆ. ಅವು ಅಡಗುವ ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತುತ್ತಾನೆ. ಆದರೆ ಯಾವ ನಾಯಿಗೂ ಅವನ ಕೈ ನೆಕ್ಕುವ, ಹೊಸ್ತಿಲು ದಾಟುವ ಅಪ್ಪಣೆಯಿಲ್ಲ. ಹೊತ್ತು ಇಳಿದರೆ "ನಡೀರಿ ನಿಮ್ಮ ನಿಮ್ಮ ಮನಿಗೆ" ಎಂದು ಅಟ್ಟಿಬಿಡುತ್ತಾನೆ. ಆಮೇಲೆ ಒಬ್ಬನೇ ಉಣ್ಣಲು ಕೂತು, ರೊಟ್ಟಿಯ ಮೊದಲ ತುಣುಕನ್ನು ಹಳೆಯ ರೂಢಿಯಲ್ಲಿ ಪಕ್ಕಕ್ಕೆ ಹಿಡಿದು, ಅಲ್ಲಿ ಯಾರೂ ಇಲ್ಲವೆಂದು ನೆನಪಾಗಿ ತಾನೇ ತಿನ್ನುತ್ತಾನೆ.

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಹನುಮಂತಮ್ಮ ತನ್ನ ಬಿಳಿ ನಾಯಿ ಬೆಳ್ಳಿಯನ್ನು ಒಂದು ಕೈಯಲ್ಲಿ, ಹೊಲದಲ್ಲಿ ಉಳಿದ ಎಣ್ಣೆಯ ಬಾಟಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಂದಳು.

"ಕಾಕಾ, ದಿನಾ ಎಷ್ಟಂತ ಹೆಕ್ಕತೀರಿ? ಎಷ್ಟ ಮುಚ್ಚಳ ಹಾಕಬೇಕು ಹೇಳ್ರಿ, ಒಮ್ಮೆ ಹಚ್ಚಿ ಬಿಡ್ತೀನಿ."

"ಬ್ಯಾಡ ಯವ್ವಾ. ಅಳತಿ ತಪ್ಪತೈತಿ."

"ಅದಕ್ಕಽ ನಿಮ್ಮನ್ನ ಕೇಳಾಕ ಬಂದೀನಿ. ನಿಮ್ಮ ಅಳತಿ ಎಂದಾರ ತಪ್ಪೈತೇನ್ರಿ?"

ಹೇಮಪ್ಪ ಬಾಟಲಿಯಿಂದ ಬೆಳ್ಳಿಯ ಕಡೆಗೆ ಕಣ್ಣು ತಿರುಗಿಸಿದ. ನಿಜ ಹೇಳಿದರೆ ಇಡೀ ಊರು ನಂಬಿದ ಅವನ ಒಂದೇ ಹೆಸರು ಹೋಗುತ್ತಿತ್ತು. ಹೇಳದಿದ್ದರೆ ಬೆಳ್ಳಿ ಹೋಗುತ್ತಿದ್ದಳು. ಇವನಿಗೇಕೋ ಬಿಗುಮಾನವೆಂದುಕೊಂಡು ಹನುಮಂತಮ್ಮ ತಿರುಗಿ ಹೊರಟಳು. ಅವಳು ಬೇವಿನ ನೆರಳು ದಾಟುವಷ್ಟರಲ್ಲಿ ಅವನು ಕೂಗಿದ:

"ಕೆಂಚಗ ಹಾವು ಕಡದಿದ್ದಿಲ್ಲ, ಯವ್ವಾ! ನಾನಽ ಎಣ್ಣಿ ಹಚ್ಚಿದ್ದೆ. ಒಂದ ಬಕೀಟು ನೀರಿಗೆ ಅರ್ಧ ಮುಚ್ಚಳ." ದನಿ ಕುಸಿಯಿತು. "ನೆಲ್ಲು ತನ್ನ ಮೈ ತಾ ನೆಕ್ಕಂಗಿಲ್ಲ. ನಾಯಿ ನೆಕ್ಕತೈತಿ."

ಹನುಮಂತಮ್ಮ ತಿರುಗಿ ಬಂದಳು. ಬೆಳ್ಳಿಯನ್ನು ಅವನ ಬಳಿ ಬಿಟ್ಟು, ಬಾಟಲಿಯನ್ನು ಮರಳಿ ಒಯ್ದಳು. ಮರುದಿನ ಗಂಗಾವತಿಯ ದನದ ದವಾಖಾನೆಯಿಂದ ನಾಯಿಯ ಔಷಧ ತಂದಳು.

ಅವನು ಕೂಗಿ ಹೇಳಿದ ಸುದ್ದಿ ಅದೇ ದಿನದ ಸಂಜೆಯೊಳಗೆ ಓಣಿಗೆಲ್ಲ ಹಬ್ಬಿತ್ತು. ಅವನ ಅಂಗೈ ನೋಡಿ ನಗುತ್ತಿದ್ದ ನಾವು ಅವನ ಮುಖ ನೋಡಲಾರದೆ ಹೋದೆವು. ಕೆಲವರು ತಮ್ಮ ನಾಯಿಗಳನ್ನು ಕಟ್ಟಿಹಾಕಿಕೊಂಡರು. ಬೇವಿನ ನೆರಳಿಗೆ ಬರುತ್ತಿದ್ದವಳು ಬೆಳ್ಳಿಯೊಬ್ಬಳೇ.

ಹನ್ನೆರಡನೇ ದಿನ, ಅವಳ ಕಿವಿಯಿಂದ ಕೊನೆಯ ಉಣ್ಣಿ ಕಿತ್ತು ಚಿಮಟ ಕೆಳಗಿಡುವಾಗ, ಹೇಮಪ್ಪ ಕೈ ಎಳೆದುಕೊಳ್ಳುವುದರೊಳಗೆ ಬೆಳ್ಳಿ ಅವನ ಅಂಗೈಯನ್ನು ನೆಕ್ಕಿಬಿಟ್ಟಳು. ಅವನು ಬೆಚ್ಚಿ ಎದ್ದ. ಅವಳ ಬಾಯಿಗೆ ನೀರು ಹಾಕಿದ. ತನ್ನ ಕೈಯನ್ನು ಮೂಸಿ ಮೂಸಿ ನೋಡಿದ. ಸಾಬೂನಿನ ವಾಸನೆಯ ಹೊರತು ಬೇರೇನೂ ಇರಲಿಲ್ಲ. ಆದರೂ ಅನ್ನ ನೀರು ಬಿಟ್ಟು, ಏರಿಳಿಯುವ ಅವಳ ಪಕ್ಕೆಲುಬನ್ನೇ ನೋಡುತ್ತ ಇಡೀ ದಿನ ಕೂತ. ಹೊತ್ತು ಇಳಿದಾಗ ಬೆಳ್ಳಿ ಎದ್ದು, ಮೈ ಕೊಡವಿ, ಬಾಲ ಅಲ್ಲಾಡಿಸುತ್ತ ತನ್ನ ಮನೆಗೆ ಹೋದಳು. ಹೇಮಪ್ಪ ಖಾಲಿ ನೆರಳಿನಲ್ಲಿ ಕೂತು ಮಗುವಿನಂತೆ ಅತ್ತ.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ತಮ್ಮ ಕೈಯಿಂದಾದ ಕೇಡನ್ನು ಲೋಕ ಮರೆತರೂ ತಾವು ಮರೆಯದೆ, ಆ ಕೈಯನ್ನೇ ಆಯುಷ್ಯಪೂರ್ತಿ ಕಾವಲು ಕಾಯುತ್ತಾರೆ. ನಾವು ಅದನ್ನು ಹುಚ್ಚೆಂದು ನಗುತ್ತೇವೆ. ನಮ್ಮ ಮನೆಯ ಮೂಕಜೀವಗಳು ಮಾತ್ರ ಅವರ ಕೈಕೆಳಗೆ ಕಣ್ಣು ಮುಚ್ಚಿ ಮಲಗುತ್ತವೆ.